ನೋಟು ಪುಸ್ತಕದ ಅಂಚಿನಲ್ಲಿ ಒಂದು ಕೊಂಡಿ



ಯೂನಿಯನ್ ಆಫೀಸಿನ ಹಿಂದಿನ ಕೋಣೆಯಲ್ಲಿ ನಮ್ಮ ಲೈನಿನ ಮಕ್ಕಳು ಸಂಜೆ ಹೊತ್ತು ಓದಲು ಕುಳಿತುಕೊಳ್ಳುವ ವಿಷಯ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಅಲ್ಲಿ ನಾವು ಕಲಿಸುವುದು ಅಷ್ಟಕ್ಕಷ್ಟೇ. ಮೂವತ್ತು ವರ್ಷದ ಹಿಂದಿನ ನಮ್ಮ ಎಸ್ಸೆಸ್ಸೆಲ್ಸಿ ವಿದ್ಯೆ ಈಗಿನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮುಂದೆ ಹೆಚ್ಚು ದೂರ ಓಡುವುದಿಲ್ಲ. ಬಾಗಿಲು ತೆರೆಯುವುದು, ದೀಪ ಹಾಕುವುದು, ಗಲಾಟೆ ಮಾಡಿದವರನ್ನು ಗದರಿಸುವುದು, ರಾತ್ರಿಯಾದರೆ ಹೆಣ್ಣುಮಕ್ಕಳನ್ನು ಮನೆಯವರೆಗೆ ಬಿಟ್ಟುಬರುವುದು, ಇಷ್ಟು ನಮ್ಮ ಕೆಲಸ. 2025ರ ಜೂನಿನಲ್ಲಿ ನಾವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಬುದ್ಧಿವಂತಿಕೆ ತೋರಿಸಲು ಹೊರಟು ಒಂದು ತಪ್ಪು ಮಾಡಿದೆವು. ಈ ಲೇಖನ ಬರೆಯಲು ಆ ತಪ್ಪೇ ಕಾರಣ.

ನಡೆದದ್ದು ಹೀಗೆ. ಕೊರೋನಾದ ಕಾಲದಲ್ಲಿ, 2020ರ ಜೂನ್ 1ರಿಂದ, ಕೇರಳ ಸರಕಾರ ಕೈಟ್ ವಿಕ್ಟರ್ಸ್ ಚಾನೆಲಿನ ಮೂಲಕ ‘ಫಸ್ಟ್ ಬೆಲ್’ ಎಂಬ ಹೆಸರಿನ ಪಾಠಗಳನ್ನು ಆರಂಭಿಸಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳನ್ನು ತಯಾರಿಸಿದ್ದರು. ಆ ಪಾಠಗಳಿಂದ ನಮ್ಮ ಮಕ್ಕಳಿಗೆ ಆಗ ಉಪಕಾರವಾಗಿತ್ತು. ಅದನ್ನು ನಾವು ಮರೆಯಬಾರದು. ಅವು ಇನ್ನೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ನಾವು ಒಂದು ಭಾನುವಾರ ಪೂರ್ತಿ ಕುಳಿತು, ಹತ್ತನೇ ತರಗತಿಯ ಪಾಠಗಳನ್ನು ಹುಡುಕಿ, ಒಂದೊಂದರ ಲಿಂಕನ್ನೂ ಮಕ್ಕಳ ವಾಟ್ಸಾಪ್ ಗುಂಪಿಗೆ ಕಳುಹಿಸಿದೆವು. ದಿನಕ್ಕೊಂದು ನೋಡಿ ನೋಟ್ಸ್ ಬರೆಯಿರಿ ಎಂದು ಅಪ್ಪಣೆಯನ್ನೂ ಕೊಟ್ಟೆವು. ಅಷ್ಟು ಮಾಡಿ, ಏನೋ ದೊಡ್ಡ ಸೇವೆ ಮಾಡಿದಂತೆ ಸಂತೋಷಪಟ್ಟೆವು.

ಆ ಗುಂಪಿನಲ್ಲಿ ನಮ್ಮ ಟ್ಯಾಪರ್ ಒಬ್ಬರ ಮಗಳಿದ್ದಳು. ಮನೆಯಲ್ಲಿ ಇರುವುದು ಒಂದೇ ಫೋನು, ಅದು ತಂದೆಯದು. ಬೆಳಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಮರಕ್ಕೆ ಹೋಗುವವನ ಕಿಸೆಯಲ್ಲಿ ಅದೂ ಹೋಗುತ್ತದೆ. ಮಗಳಿಗೆ ಸಿಗುವುದು ರಾತ್ರಿ ಎಂಟರಿಂದ ಒಂಬತ್ತು. ಆ ಒಂದು ಗಂಟೆಯಲ್ಲಿ ಅವಳು ನಾವು ಹೇಳಿದಂತೆ ನಡೆದುಕೊಂಡಳು. ಹೊಸ ಪುಸ್ತಕವೊಂದನ್ನು ಕೊಂಡು, ಕೆಂಪು ಶಾಯಿಯಲ್ಲಿ ತಲೆಬರಹ, ನೀಲಿಯಲ್ಲಿ ವಿಷಯ, ಪೆನ್ಸಿಲಿನಲ್ಲಿ ಚಿತ್ರ, ಹೀಗೆ ಎರಡು ತಿಂಗಳು ಬರೆದಳು. ಓಣಂ ಪರೀಕ್ಷೆಗೆ ವಾರವಿರುವಾಗ ಆ ಪುಸ್ತಕವನ್ನು ಶಾಲೆಯ ಟೀಚರಿಗೆ ತೋರಿಸಿದಳಂತೆ. ಟೀಚರು ನಾಲ್ಕು ಪುಟ ತಿರುವಿ, “ಇದು ಹಳೆಯ ಪುಸ್ತಕದ ಪಾಠ ಮಗಾ, ಈ ವರ್ಷ ನಮ್ಮದು ಬದಲಾಗಿದೆಯಲ್ಲ” ಎಂದರಂತೆ.

ನಮಗೆ ಅದು ಗೊತ್ತೇ ಇರಲಿಲ್ಲ. ಕೇರಳದಲ್ಲಿ 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗಳ ಪುಸ್ತಕಗಳೂ, 2025ರಲ್ಲಿ ಎರಡು, ನಾಲ್ಕು, ಆರು, ಎಂಟು, ಹತ್ತನೇ ತರಗತಿಗಳ ಪುಸ್ತಕಗಳೂ ಹೊಸದಾಗಿ ಬಂದಿವೆ. ಅಂದರೆ 2020ರ ಪಾಠಕ್ಕೂ 2025ರ ಪುಸ್ತಕಕ್ಕೂ ನಡುವೆ ಒಂದು ಗೋಡೆ ಎದ್ದಿದೆ. ಆ ಗೋಡೆಯನ್ನು ನೋಡದೆ ನಾವು ಮಗುವನ್ನು ಅದರ ತಪ್ಪು ಬದಿಗೆ ಕಳುಹಿಸಿದ್ದೆವು. ಸಂಜೆ ಅವಳು ನಮ್ಮ ಮುಂದೆ ನಿಂತು ಹೇಳಿದ್ದು ಇಷ್ಟು: “ಮಾಸ್ಟ್ರೇ, ನೀವು ಕಳಿಸಿದ್ದಲ್ವಾ, ಸರಿ ಇರ್ಬೇಕು ಅಂತ ನೋಡಿದೆ.” ಬೈಯಲೂ ಇಲ್ಲ, ಅಳಲೂ ಇಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಇಂಟರ್ನೆಟ್ಟಿನ ಪಾಠಗಳು ಬೇಡ ಎಂದು ನಾವು ಹೇಳುವುದಿಲ್ಲ. ಟ್ಯೂಷನಿಗೆ ಹಣವಿಲ್ಲದ ನಮ್ಮ ಮಕ್ಕಳಿಗೆ ಅವು ಬೇಕೇ ಬೇಕು. ಆದರೆ ಪಾಠದಿಂದ ಮಗುವಿನ ಕಡೆಗೆ ಹೊರಟರೆ ದಾರಿ ತಪ್ಪುತ್ತದೆ. ಮಗು ಇಂದು ತರಗತಿಯಲ್ಲಿ ಕುಳಿತು ತನ್ನ ಕೈಯಿಂದ ಬರೆದುಕೊಂಡ ನೋಟ್ಸ್ ಇದೆಯಲ್ಲ, ಅಲ್ಲಿಂದ ಹೊರಡಬೇಕು. ಆ ನೋಟಿನ ಯಾವ ಸಾಲಿಗೆ, ಯಾವ ಪಾಠದ ಯಾವ ಭಾಗ ಹೊಂದುತ್ತದೆ ಎಂದು ನೋಡಿ, ಅಂಚಿನಲ್ಲಿ ಒಂದು ಕೊಂಡಿ ಹಾಕಬೇಕು. ಕೊಂಡಿಯ ಒಂದು ತುದಿ ನೋಟು ಪುಸ್ತಕದಲ್ಲಿ ಭದ್ರವಾಗಿ ಸಿಕ್ಕಿಕೊಂಡಿರದಿದ್ದರೆ, ಇನ್ನೊಂದು ತುದಿ ಎಷ್ಟು ದೊಡ್ಡ ಖಜಾನೆಗೆ ಹೋದರೂ ಪ್ರಯೋಜನವಿಲ್ಲ.

ತೋಟದಲ್ಲಿ ದುಡಿಯುವ ನಮಗೆ ಇದು ತಿಳಿಯದ ಸಂಗತಿಯಲ್ಲ. ಯೂನಿಯನ್ ತರಗತಿಗಳಲ್ಲಿ ನಾವು ಎಷ್ಟೋ ಸಲ ಹೇಳಿದ್ದೇವೆ: ಆಫೀಸಿನ ಚೆಕ್‌ರೋಲ್ ಎಷ್ಟೇ ದೊಡ್ಡದಿರಲಿ, ನಿಮ್ಮ ಕಿಸೆಯಲ್ಲಿ ನಿಮ್ಮದೇ ಒಂದು ಚಿಕ್ಕ ಡೈರಿ ಇರಲಿ, ಇಂದು ಎಷ್ಟು ಹಾಲು ತೂಗಿತು, ಯಾವ ಬ್ಲಾಕು, ಎಷ್ಟು ಹೊತ್ತು ಹೆಚ್ಚು ಕೆಲಸ, ನೀವೇ ಬರೆದಿಡಿ, ತಿಂಗಳ ಕೊನೆಗೆ ಸಂಬಳದ ಚೀಟಿ ಬಂದಾಗ ಸಾಲಿಗೆ ಸಾಲು ಹಿಡಿದು ನೋಡಿ. ಡೈರಿ ಇದ್ದವನು ರೈಟರನ ಮುಂದೆ ಬೆರಳಿಟ್ಟು ಕೇಳುತ್ತಾನೆ. ಇಲ್ಲದವನು ‘ಏನೋ ಕಡಿಮೆ ಬಂದ ಹಾಗೆ ಕಾಣುತ್ತದೆ’ ಎಂದು ಗೊಣಗಿ ಮನೆಗೆ ಹೋಗುತ್ತಾನೆ. ಮಗುವಿನ ನೋಟ್ಸ್ ಆ ಡೈರಿ. ಇಂಟರ್ನೆಟ್ಟಿನ ಪಾಠ ಆ ಚೆಕ್‌ರೋಲ್. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತಾಳೆ ನೋಡುವಾಗ ಮಾತ್ರ ‘ಇದು ನನಗೆ ತಿಳಿದಿದೆ, ಇದು ತಿಳಿದಿಲ್ಲ’ ಎಂದು ಮಗುವಿಗೆ ಗೊತ್ತಾಗುವುದು.

ಇದೇ ಮಾತನ್ನು ಉಪದೇಶಿಯಾಗಿಯೂ ಹೇಳಬಹುದು. ಉಲ್ಲೇಖಗಳಿರುವ ಸತ್ಯವೇದವನ್ನು ನೋಡಿದವರಿಗೆ ಗೊತ್ತು, ಒಂದು ವಚನದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪುಸ್ತಕದ ಅಧ್ಯಾಯ, ವಚನಗಳ ಸಂಖ್ಯೆ ಇರುತ್ತದೆ. ಓದುವವನು ನಿಂತ ಜಾಗದಿಂದ ಅಲ್ಲಿಗೆ ಹೋಗಿ ನೋಡಿ ಮತ್ತೆ ಇಲ್ಲಿಗೇ ಮರಳುತ್ತಾನೆ. ಹಾಗೆ ಮರಳಿಸದ ಉಲ್ಲೇಖದಿಂದ ಓದುವವನಿಗೆ ಲಾಭವಿಲ್ಲ. ಫೋನಿನಲ್ಲಿ ನಮ್ಮ ಮಕ್ಕಳು ಹೋಗುವುದಂತೂ ಹೋಗುತ್ತಾರೆ. ಒಂದು ಪಾಠದ ಕೆಳಗೆ ಇನ್ನೊಂದು, ಅದರ ಕೆಳಗೆ ಸಿನೆಮಾ ಹಾಡು, ಅದರ ಕೆಳಗೆ ಇನ್ನೇನೋ. ಮರಳುವುದು ಬೆಳಿಗ್ಗೆ.

ಗಡಿಯ ಈಚೆಗಿರುವ ಕನ್ನಡ ಮಕ್ಕಳಿಗೆ ಈ ಕೆಲಸ ಒಳನಾಡಿನ ಮಕ್ಕಳಿಗಿಂತ ಹೆಚ್ಚು ಕಷ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ತಾಯಿತಂದೆಯರಲ್ಲಿ ಹಲವರು ‘ಕನ್ನಡದಲ್ಲಿ ಪಾಠ ಸಿಕ್ಕಿತಲ್ಲ, ಸಾಕು’ ಎಂದು ತಿಳಿದುಕೊಂಡಿದ್ದಾರೆ. ಫೋನಿನಲ್ಲಿ ಕನ್ನಡದಲ್ಲಿ ‘ಹತ್ತನೇ ತರಗತಿ ವಿಜ್ಞಾನ’ ಎಂದು ಹುಡುಕಿ ನೋಡಿ. ಮೊದಲು ಬರುವವು ಕರ್ನಾಟಕದ ಎಸ್ಸೆಸ್ಸೆಲ್ಸಿ ಪಾಠಗಳು. ಒಳ್ಳೆಯ ಪಾಠಗಳೇ, ಸೊಗಸಾದ ಕನ್ನಡವೇ. ಆದರೆ ಕರ್ನಾಟಕದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ದೆಹಲಿಯ ಎನ್‌ಸಿಇಆರ್‌ಟಿ ಪುಸ್ತಕದ ಅನುವಾದ. ಕಾಸರಗೋಡಿನ ಮಗು ಓದುವುದು ಕೇರಳದ ಎಸ್‌ಸಿಇಆರ್‌ಟಿ ತಯಾರಿಸಿದ ಪುಸ್ತಕದ ಕನ್ನಡ ರೂಪ. ಪಾಠಗಳ ಕ್ರಮ ಬೇರೆ, ಪ್ರಯೋಗಗಳು ಬೇರೆ, ಪ್ರಶ್ನೆ ಕೇಳುವ ರೀತಿ ಬೇರೆ. ಅಕ್ಕಲಕೋಟೆಯ ಕಡೆಯ ಮಗುವಿಗೆ ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ತಾಳವಾಡಿಯ ಮಗುವಿಗೆ ತಮಿಳುನಾಡಿನದು. ಭಾಷೆ ಒಂದೇ, ಪರೀಕ್ಷೆ ನಾಲ್ಕು. 1956ರ ನವೆಂಬರ್ 1ರಂದು ಎಳೆದ ಗೆರೆ ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಮಾರ್ಚ್ ತಿಂಗಳ ಪರೀಕ್ಷೆಯ ಕೋಣೆಯಲ್ಲಿ ಕಾಣುತ್ತದೆ.

ಹಾಗಾದರೆ ಕರ್ನಾಟಕದ ಪಾಠ ನಮಗೆ ಬೇಡವೇ? ಬೇಕು. ಬೆಳಕು ವಕ್ರೀಭವನವಾಗುವುದು ತಲಪಾಡಿಯ ಆಚೆಗೂ ಈಚೆಗೂ ಒಂದೇ ರೀತಿ. ಒಂದು ಚಿತ್ರವನ್ನು, ಒಂದು ಲೆಕ್ಕದ ಹಂತವನ್ನು ಅಲ್ಲಿನ ಮಾಸ್ತರರು ಬಹಳ ಚೆನ್ನಾಗಿ ವಿವರಿಸಿರಬಹುದು. ಅದರಲ್ಲಿ ನಾಲ್ಕನೇ ನಿಮಿಷದಿಂದ ಒಂಬತ್ತನೇ ನಿಮಿಷದವರೆಗೆ ಮಾತ್ರ ನಮ್ಮ ನೋಟಿಗೆ ಹೊಂದುವುದಾದರೆ, ಅಷ್ಟನ್ನೇ ನೋಡಬೇಕು, ಅಷ್ಟನ್ನೇ ಬರೆದಿಡಬೇಕು. ಇದನ್ನು ಆರಿಸಿ ಕೊಡುವುದು ಫೋನಿನಿಂದಾಗದು. ಪುಸ್ತಕವನ್ನೂ ನೋಟನ್ನೂ ಪಾಠವನ್ನೂ ಮೂರನ್ನೂ ಎದುರಿಗಿಟ್ಟುಕೊಂಡು ಕೂರುವ ಒಬ್ಬ ಮನುಷ್ಯ ಬೇಕು.

ಮಾತುಗಳ ತೊಡಕು ಇನ್ನೊಂದು. ನಮ್ಮ ಮಗು ನೋಟಿನಲ್ಲಿ ‘ವೇಗೋತ್ಕರ್ಷ’ ಎಂದು ಬರೆದಿದೆ. ಮಲಯಾಳದ ಪಾಠದಲ್ಲಿ ಅದು ‘ತ್ವರಣಂ’, ತಮಿಳಿನಲ್ಲಿ ‘ಮುಡುಕ್ಕಂ’, ಇಂಗ್ಲಿಷಿನಲ್ಲಿ ‘ಆಕ್ಸಿಲರೇಶನ್’. ನಮ್ಮ ‘ದ್ಯುತಿಸಂಶ್ಲೇಷಣೆ’ ತಮಿಳಿಗೆ ಹೋದರೆ ‘ಒಳಿಚ್ಚೇರ್ಕೈ’. ಲೈನಿನಲ್ಲಿ ಮಕ್ಕಳು ನಾಲ್ಕು ಭಾಷೆ ಮಾತಾಡುತ್ತಾರೆ, ಬಾವಿಕಟ್ಟೆಯಲ್ಲಿ ನಾಲ್ಕರಲ್ಲೂ ಜಗಳ ಆಡುತ್ತಾರೆ. ಆದರೆ ಈ ಪುಸ್ತಕದ ಮಾತುಗಳು ಜಗಳದಲ್ಲಿ ಬರುವುದಿಲ್ಲವಲ್ಲ. ಎದುರಿಗೆ ಒಳ್ಳೆಯ ಪಾಠವಿದ್ದರೂ ಅದು ತನ್ನದೇ ಪಾಠವೆಂದು ಮಗುವಿಗೆ ಗುರುತು ಸಿಗುವುದಿಲ್ಲ. ಪ್ಲಸ್ ಒನ್ ವಿಜ್ಞಾನಕ್ಕೆ ಹೋದ ಮೇಲಂತೂ ಪುಸ್ತಕವೇ ಇಂಗ್ಲಿಷಿನಲ್ಲಿ. ಹತ್ತನೆಯಲ್ಲಿ ಒಳ್ಳೆಯ ಮಾರ್ಕು ತೆಗೆದ ನಮ್ಮ ಇಬ್ಬರು ಹುಡುಗರು ಪ್ಲಸ್ ಒನ್‌ನ ಮೊದಲ ಮೂರು ತಿಂಗಳಲ್ಲಿ ಶಾಲೆ ಬಿಟ್ಟು ಟ್ಯಾಪಿಂಗ್ ಕತ್ತಿ ಹಿಡಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರಿಗೆ ವಿಷಯ ಗೊತ್ತಿತ್ತು. ವಿಷಯದ ಹೊಸ ಹೆಸರು ಗೊತ್ತಿರಲಿಲ್ಲ. ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಅವರೇ ತೀರ್ಮಾನಿಸಿಬಿಟ್ಟರು, ಮನೆಯವರೂ ಒಪ್ಪಿಬಿಟ್ಟರು. ತೋಟಕ್ಕೇನು, ಕೈಗಳು ಬೇಕೇ ಇದ್ದವು.

ಓಣಂ ಕಳೆದ ಮೇಲೆ ನಾವು ಕೆಲಸದ ರೀತಿಯನ್ನು ಬದಲಾಯಿಸಿದೆವು. ದೊಡ್ಡ ಸಂಶೋಧನೆಯೇನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಪಾಕ್ ಎಂಬ ಶಿಕ್ಷಕರು ನೋಟಿನ ಎಡಬದಿಯಲ್ಲಿ ಅಗಲವಾದ ಅಂಚು ಬಿಟ್ಟು ಅಲ್ಲಿ ಪ್ರಶ್ನೆ, ಸೂಚನೆಗಳನ್ನು ಬರೆಯುವ ಕ್ರಮವನ್ನು ಎಷ್ಟೋ ದಶಕಗಳ ಹಿಂದೆಯೇ ಕಲಿಸಿದ್ದರು. ನಾವು ಮಾಡಿದ್ದು ಅದನ್ನೇ, ನಮ್ಮ ಅಗತ್ಯಕ್ಕೆ ತಿರುಗಿಸಿ. ಮಗು ತರಗತಿಯ ನೋಟ್ಸನ್ನು ಬಲಬದಿಯ ಪುಟದಲ್ಲಿ ಮಾತ್ರ ಬರೆಯುತ್ತದೆ. ಎಡಬದಿಯ ಪುಟ ಖಾಲಿ. ಕಾಗದ ಹಾಳು ಎಂದು ಮನೆಯಲ್ಲಿ ಗಲಾಟೆಯಾಯಿತು, ಒಬ್ಬ ಅಜ್ಜಿ ನಮ್ಮಲ್ಲಿಗೇ ಬಂದು, “ಪುಸ್ತಕಕ್ಕೆ ಕ್ರಯ ಎಷ್ಟು ಗೊತ್ತುಂಟಾ ನಿಮಗೆ?” ಎಂದು ಕೇಳಿದರು. ಗೊತ್ತಿತ್ತು. ಆದರೂ ಬಿಡಲಿಲ್ಲ.

ಆ ಎಡಪುಟದಲ್ಲಿ ಏನು ಬರೆಯುವುದು? ಮೊದಲು ಪಠ್ಯಪುಸ್ತಕದ ಪುಟಸಂಖ್ಯೆ, ಯಾವ ವರ್ಷದ ಪುಸ್ತಕ ಎಂಬುದರ ಸಮೇತ. ನಮ್ಮ ಹುಡುಗಿಗೆ ಆದ ಅನ್ಯಾಯ ಇನ್ನೊಬ್ಬರಿಗೆ ಆಗದಿರಲಿ ಎಂದು ಈ ವರ್ಷದ ಸಂಖ್ಯೆ. ಅನಂತರ ಪಾಠದ ಗುರುತು. ಇಲ್ಲಿ ಒಂದು ಉಪಯುಕ್ತ ಸಂಗತಿ ಹೇಳುತ್ತೇವೆ. 2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರಕಾರ ‘ದೀಕ್ಷಾ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಅದಕ್ಕೆ ಸೇರಿದ ರಾಜ್ಯಗಳ ಪಠ್ಯಪುಸ್ತಕಗಳಲ್ಲಿ ಪಾಠದ ಪಕ್ಕದಲ್ಲಿ ಕಪ್ಪುಬಿಳುಪಿನ ಒಂದು ಚೌಕ ಮುದ್ರಿಸಿರುತ್ತಾರೆ, ಕ್ಯೂಆರ್ ಕೋಡ್ ಎನ್ನುತ್ತಾರೆ. ಅಂಗಡಿಯಲ್ಲಿ ಹಣ ಕೊಡುವಾಗ ತೋರಿಸುತ್ತಾರಲ್ಲ, ಅಂಥದ್ದೇ. ಮೀನಿನ ಲಾರಿಯವನಲ್ಲಿಯೂ ಅದು ಇರುವಾಗ ನಮ್ಮ ಮಕ್ಕಳಿಗೆ ಅದರ ಉಪಯೋಗ ಹೇಳಿಕೊಡಬೇಕಾಗಿಲ್ಲ. ಆದರೆ ದೀಕ್ಷಾದ ಚೌಕದ ಕೆಳಗೆ ಆರು ಅಕ್ಷರ ಮತ್ತು ಅಂಕಿಗಳ ಒಂದು ಗುರುತೂ ಇರುತ್ತದೆ. ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕ್ಯಾಮೆರಾ ಒಡೆದ ಫೋನಿನಲ್ಲಿಯೂ ಆ ಆರನ್ನು ಟೈಪು ಮಾಡಿದರೆ ಪಾಠ ತೆರೆಯುತ್ತದೆ. ಮಾರುದ್ದದ ಲಿಂಕನ್ನು ಕೈಯಲ್ಲಿ ಬರೆಯುವುದು ಯಾರಿಂದಲೂ ಆಗದು. ಆರು ಅಕ್ಷರವನ್ನು ಮೂರನೇ ತರಗತಿಯ ಮಗುವೂ ಬರೆಯುತ್ತದೆ. ನೋಟಿನ ಅಂಚಿಗೆ ಹಾಕಲು ಇದಕ್ಕಿಂತ ಒಳ್ಳೆಯ ಕೊಂಡಿ ನಮಗೆ ಕಾಣಲಿಲ್ಲ.

ಯೂಟ್ಯೂಬಿನ ಪಾಠವಾದರೆ ಪಾಠದ ಹೆಸರು, ಹಾಕಿದ ವರ್ಷ, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷ. ಭಾಷೆಗೆ ಒಂದು ಅಕ್ಷರ: ‘ಕ’, ‘ಮ’, ‘ತ’, ‘ಇಂ’. ಅದರ ಕೆಳಗೆ ಮಾತುಗಳ ಪಟ್ಟಿ, ನಮ್ಮ ಮಾತು ಮತ್ತು ಇಂಗ್ಲಿಷಿನ ಮಾತು ಎದುರುಬದುರಾಗಿ. ಕೊನೆಗೆ, ಇದು ಮುಖ್ಯ, ಪಾಠ ನೋಡಿದ ಮೇಲೆ ಮಗು ತನ್ನದೇ ಮಾತಿನಲ್ಲಿ ಒಂದು ವಾಕ್ಯ ಬರೆಯಬೇಕು: ಟೀಚರು ಹೇಳಿದ್ದಕ್ಕಿಂತ ಇಲ್ಲಿ ಹೆಚ್ಚಾಗಿ ಏನು ತಿಳಿಯಿತು, ಅಥವಾ ಏನು ತಿಳಿಯಲಿಲ್ಲ. ‘ಏನೂ ಹೆಚ್ಚಿಲ್ಲ’ ಎಂದು ಬರೆದರೂ ನಮಗೆ ಸಂತೋಷವೇ. ಆಗ ಆ ಕೊಂಡಿಯನ್ನು ತೆಗೆದುಹಾಕುತ್ತೇವೆ. ಅಂಥದ್ದನ್ನು ತೆಗೆದು ತೆಗೆದು, ಒಂಬತ್ತನೇ ತರಗತಿಯ ಒಂದು ಪಾಠಕ್ಕೆ ನಾವು ಕೂಡಿಸಿದ್ದ ಹನ್ನೊಂದು ಲಿಂಕುಗಳಲ್ಲಿ ಉಳಿದದ್ದು ಎರಡು. ಬೇಸರವಾಗಲಿಲ್ಲ. ಆ ಎರಡು ಗಟ್ಟಿ.

ಒಬ್ಬೊಬ್ಬ ಮಗು ಕಂಡುಹಿಡಿದ ಕೊಂಡಿಯನ್ನು ಆಫೀಸಿನಲ್ಲಿರುವ ಒಂದು ದಪ್ಪ ರಿಜಿಸ್ಟರಿಗೆ ಇಳಿಸುತ್ತೇವೆ, ತರಗತಿ ಮತ್ತು ಪಾಠದ ಕ್ರಮದಲ್ಲಿ. ಮಕ್ಕಳು ಅದಕ್ಕೆ ‘ಕೊಂಡಿ ಬುಕ್ಕು’ ಎಂದು ಹೆಸರಿಟ್ಟಿದ್ದಾರೆ. ಫೋನು ಸಿಗದ ಮಗುವೂ ಅದನ್ನು ನೋಡಬಹುದು. ಒಂದು ಗಂಟೆ ಮಾತ್ರ ಫೋನು ಸಿಗುವ ಮಗು ಆ ಗಂಟೆಯನ್ನು ಹುಡುಕಾಟದಲ್ಲಿ ಕಳೆಯಬೇಕಾಗಿಲ್ಲ, ನೇರವಾಗಿ ನಾಲ್ಕನೇ ನಿಮಿಷಕ್ಕೆ ಹೋಗಬಹುದು. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ಲೈನಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ.

ಇದಕ್ಕೆ ಬಂದ ಆಕ್ಷೇಪಗಳು ಎರಡು, ಮತ್ತು ಅವು ಒಂದಕ್ಕೊಂದು ವಿರುದ್ಧ. ಹಿರಿಯರು ಹೇಳುವುದು: ಫೋನು ಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ, ಅದೆಲ್ಲ ಬೇಡ. ಭಯಕ್ಕೆ ಕಾರಣವಿಲ್ಲ ಎಂದು ನಾವು ಹೇಳಲಾರೆವು. ಆದರೆ ಫೋನನ್ನು ಕಿತ್ತುಕೊಂಡರೆ ತೋಟದ ಯಜಮಾನರ ಮಕ್ಕಳಿಗೆ ಏನೂ ನಷ್ಟವಿಲ್ಲ, ಅವರಿಗೆ ಟ್ಯೂಷನ್ ಇದೆ. ನಷ್ಟ ನಮ್ಮ ಮಕ್ಕಳಿಗೇ. ಹಾಸ್ಟೆಲಿನಲ್ಲಿ ಫೋನು ನಿಷೇಧಿಸಿದ್ದನ್ನು ಪ್ರಶ್ನಿಸಿದ ಒಬ್ಬ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಉಪಯೋಗಿಸುವುದು ಶಿಕ್ಷಣದ ಹಕ್ಕಿನ ಒಂದು ಭಾಗ ಎಂದು ತೀರ್ಪು ಕೊಟ್ಟಿದೆ. ಮಗುವಿನ ಮುಂದೆ ನೋಟು ಪುಸ್ತಕ ತೆರೆದಿದ್ದು, ಇಂತಿಷ್ಟೇ ನಿಮಿಷ ನೋಡಬೇಕು ಎಂದು ಅದರಲ್ಲಿ ಬರೆದಿದ್ದರೆ, ಅರ್ಧ ಕಾವಲು ಆ ಪುಸ್ತಕವೇ ಕಾಯುತ್ತದೆ. ಉಳಿದರ್ಧ ತಾಯಿತಂದೆಯರದು.

ಇನ್ನೊಂದು ಆಕ್ಷೇಪ ಮಕ್ಕಳದ್ದೇ: ಎಲ್ಲವೂ ಫೋನಿನಲ್ಲಿ ಇರುವಾಗ ನೋಟ್ಸ್ ಏಕೆ ಬರೆಯಬೇಕು? ಬರೆದ ಒಬ್ಬನ ಪುಸ್ತಕದ ಫೋಟೋ ತೆಗೆದು ಗುಂಪಿಗೆ ಹಾಕಿದರೆ ಆಯಿತಲ್ಲ? ಇದು ಈಗ ಎಲ್ಲ ಕಡೆ ನಡೆಯುತ್ತಿದೆ. ಮೂವತ್ತು ಮಕ್ಕಳ ಫೋನಿನಲ್ಲಿ ಒಬ್ಬನ ಕೈಬರಹ. ಆ ಒಬ್ಬ ತಪ್ಪು ಬರೆದಿದ್ದರೆ ಮೂವತ್ತು ಮಂದಿಗೂ ಅದೇ ತಪ್ಪು. ನಮ್ಮ ಕಾಲದಲ್ಲಿ ಗೈಡು ಪುಸ್ತಕ ಇತ್ತು, ಅದನ್ನಾದರೂ ಹಣ ಕೊಟ್ಟು ತರಬೇಕಾಗಿತ್ತು, ಆದ್ದರಿಂದ ಒಮ್ಮೆಯಾದರೂ ತೆರೆಯುತ್ತಿದ್ದೆವು. ಫೋಟೋದ ನೋಟ್ಸನ್ನು ಯಾರೂ ತೆರೆಯುವುದಿಲ್ಲ. ಅದು ಗುಂಪಿನಲ್ಲಿ ಬಂದಿತು ಎಂಬುದೇ ಓದಿದಷ್ಟು ಸಮಾಧಾನ ಕೊಡುತ್ತದೆ. ಕಾಯಿಲೆಯಿಂದ ಶಾಲೆಗೆ ಹೋಗದವರಿಗೆ ಫೋಟೋ ಕೊಡಿ, ಅದು ಸರಿ. ಅವರು ಅದನ್ನು ನೋಡಿ ತಮ್ಮ ಪುಸ್ತಕಕ್ಕೆ ಬರೆದುಕೊಳ್ಳಲಿ.

ಹಣದ ವಿಷಯವನ್ನೂ ಒಂದು ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಕಂಪನಿಯ ಏಜಂಟರು ಲೈನಿಗೆ ಬಂದು, ತಿಂಗಳ ಕಂತಿನಲ್ಲಿ ಕಟ್ಟುವ ಪಾಠಗಳನ್ನು ಮೂರು ಮನೆಗಳಿಗೆ ಮಾರಿ ಹೋದರು. ಪಾಠಗಳು ಇಂಗ್ಲಿಷಿನಲ್ಲಿ, ಸಿಬಿಎಸ್‌ಇ ಮಕ್ಕಳಿಗಾಗಿ ಮಾಡಿದವು. ನಮ್ಮ ಮಕ್ಕಳ ನೋಟಿನ ಒಂದು ಸಾಲಿಗೂ ಹೊಂದಲಿಲ್ಲ. ಕಂತು ಮಾತ್ರ ಪ್ರತಿ ತಿಂಗಳೂ ಸರಿಯಾಗಿ ಹೋಯಿತು. ಇನ್ನು ಮುಂದೆ ಯಾರಾದರೂ ಅಂಥದ್ದನ್ನು ತಂದರೆ, ಮಗುವಿನ ನೋಟು ಪುಸ್ತಕವನ್ನು ಅವರ ಮುಂದೆ ಇಟ್ಟು, ‘ಈ ಪುಟಕ್ಕೆ ನಿಮ್ಮ ಯಾವ ಪಾಠ ಹೊಂದುತ್ತದೆ, ತೋರಿಸಿ’ ಎಂದು ಕೇಳಿ. ತೋರಿಸಲು ಆಗದಿದ್ದರೆ ಚಹಾ ಕೊಟ್ಟು ಕಳುಹಿಸಿ. ಹಣ ಕೊಡದೆ ಸಿಗುವುದು ಬೇಕಾದಷ್ಟಿದೆ. ಕೇರಳದ ‘ಸಮಗ್ರ’ ಜಾಲತಾಣದಲ್ಲಿ ಪಠ್ಯಪುಸ್ತಕಗಳೇ ಕನ್ನಡದಲ್ಲಿ ಸಿಗುತ್ತವೆ. ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ 2017ರ ಜುಲೈಯಲ್ಲಿ ಆರಂಭವಾದ ‘ಸ್ವಯಂ’ ಇದೆ. ಅಲ್ಲಿ ಪಾಠಕ್ಕೆ ಹಣವಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ.

ಇಷ್ಟನ್ನೂ ಒಂದು ಹಿಂದಿನ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದ ನಮ್ಮಂಥವರು ಮಾಡುವುದು ಸರಿಯಾದ ಏರ್ಪಾಡಲ್ಲ ಎಂದು ನಮಗೆ ಗೊತ್ತಿದೆ. ಇದು ಶಾಲೆಯ ಕೆಲಸ. ಟೀಚರು ಬೋರ್ಡಿನ ಮೂಲೆಯಲ್ಲಿ ದಿನಕ್ಕೆ ಒಂದೇ ಒಂದು ಗುರುತು ಬರೆದರೆ ಸಾಕು, ಮಕ್ಕಳು ಇಳಿಸಿಕೊಳ್ಳುತ್ತಾರೆ. ನಾವು ಒಂದು ಭಾನುವಾರ ಹುಡುಕಿ ತಪ್ಪು ಮಾಡಿದ್ದನ್ನು ಅವರು ಅರ್ಧ ನಿಮಿಷದಲ್ಲಿ ಸರಿಯಾಗಿ ಮಾಡಬಲ್ಲರು. ನಮ್ಮ ಶಾಲೆಯ ಇಬ್ಬರು ಟೀಚರರು ಈಗ ತಿಂಗಳಿಗೊಮ್ಮೆ ಕೊಂಡಿ ಬುಕ್ಕನ್ನು ತರಿಸಿಕೊಂಡು ನೋಡಿ, ತಪ್ಪಿದ್ದಲ್ಲಿ ಹೊಡೆದು ಕೊಡುತ್ತಿದ್ದಾರೆ. ಮೊದಲ ತಿಂಗಳು ಬಹಳ ಹೊಡೆದಿದ್ದರು.

ತೋಟದ ಆಡಳಿತಕ್ಕೂ ಇದರಲ್ಲಿ ಪಾಲಿದೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ, ಆರರಿಂದ ಹನ್ನೆರಡು ವಯಸ್ಸಿನ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಸೌಕರ್ಯ ಒದಗಿಸುವಂತೆ ಮಾಲಿಕರಿಗೆ ನಿಯಮ ಮಾಡುವ ಅಧಿಕಾರ ರಾಜ್ಯ ಸರಕಾರಗಳಿಗೆ ಇತ್ತು. ಆ ಕಾಯಿದೆಯ ಜಾಗದಲ್ಲಿ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತೋಟದ ಮಕ್ಕಳ ಶಿಕ್ಷಣದ ಸೌಕರ್ಯದ ಮಾತು ಅದರಲ್ಲಿಯೂ ಇದೆ. 1951ರಲ್ಲಿ ಶಿಕ್ಷಣದ ಸೌಕರ್ಯ ಎಂದರೆ ಒಂದು ಕೋಣೆ, ಒಬ್ಬ ಮಾಸ್ತರ, ಒಂದು ಕಪ್ಪು ಹಲಗೆ. ಈಗ ಅದರ ಜೊತೆಗೆ ಇಂಟರ್ನೆಟ್ ಬರುವ ಒಂದು ಕಂಪ್ಯೂಟರು, ಮುದ್ರಿಸಲು ಒಂದು ಪ್ರಿಂಟರು, ಸಂಜೆ ಎರಡು ಗಂಟೆ ತೆರೆದಿಡುವ ಒಬ್ಬ ಮನುಷ್ಯ. ಕಂಪನಿಯ ಆಫೀಸಿನಲ್ಲಿ ಇವು ಮೂರೂ ಇವೆ. ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಕೇರಳ ಸರಕಾರ 2023ರ ಜೂನ್ 5ರಂದು ಉದ್ಘಾಟಿಸಿದ ಕೆ-ಫೋನ್ ಯೋಜನೆಯಲ್ಲಿ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್ನೆಟ್ ಕೊಡುವ ಗುರಿ ಇಟ್ಟುಕೊಂಡಿದೆ. ಮನೆ ನಮ್ಮ ಹೆಸರಿನಲ್ಲಿ ಇಲ್ಲದ, ಕಂಪನಿಯ ಲೈನಿನಲ್ಲಿ ಬದುಕುವ ನಾವು ಆ ಲೆಕ್ಕದಲ್ಲಿ ಬರುವಂತೆ ಪಂಚಾಯತಿನಲ್ಲಿ ಕೇಳಬೇಕಾದವರು ನಾವೇ. ಬೋನಸ್ಸಿನ ಮಾತುಕತೆಗೆ ಹೋಗುವಾಗ ಬೇಡಿಕೆಪಟ್ಟಿಯ ಕೊನೆಯ ಸಾಲಿನಲ್ಲಿ ‘ಮಕ್ಕಳ ಶಿಕ್ಷಣ ಇತ್ಯಾದಿ’ ಎಂದು ಬರೆದು, ಆ ಸಾಲನ್ನೇ ಮೊದಲು ಬಿಟ್ಟುಕೊಡುವ ನಮ್ಮ ಅಭ್ಯಾಸವನ್ನು ನಾವು ನಿಲ್ಲಿಸಬೇಕು. ಈ ಮಾತನ್ನು ಯೂನಿಯನಿನ ಒಳಗಿದ್ದುಕೊಂಡೇ ಹೇಳುತ್ತಿದ್ದೇವೆ, ಸಂಗಡಿಗರು ಕೋಪಿಸಿಕೊಳ್ಳಬಾರದು.

ಆ ಹುಡುಗಿಯ ವಿಷಯ ಕೇಳುವವರಿಗಾಗಿ: ಅವಳು ಹಳೆಯ ಪಾಠದ ಆ ಕೆಂಪುನೀಲಿ ಪುಸ್ತಕವನ್ನು ಎಸೆಯಲಿಲ್ಲ. ಹೊಸ ಪುಸ್ತಕದ ಪಕ್ಕದಲ್ಲಿಟ್ಟು, ಯಾವ ಭಾಗ ಎರಡರಲ್ಲಿಯೂ ಇದೆಯೋ ಅದಕ್ಕೆ ತಾನೇ ಗುರುತು ಹಾಕಿದಳು. ಕೊಂಡಿ ಬುಕ್ಕಿನ ಹತ್ತನೇ ತರಗತಿಯ ಮೊದಲ ಆರು ಪುಟ ಅವಳ ಅಕ್ಷರದಲ್ಲಿಯೇ ಇದೆ.

ಇನ್ನು ಒಂದು ವಿನಂತಿ. ಶಾಲೆ ಮುಗಿದೊಡನೆ ಹಳೆಯ ನೋಟು ಪುಸ್ತಕಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. 2024ರ ಅನಂತರದ ಒಂಬತ್ತನೇ ತರಗತಿಯವು, 2025ರ ಅನಂತರದ ಎಂಟು ಮತ್ತು ಹತ್ತನೇ ತರಗತಿಯವು ನಮಗೆ ಬೇಕು, ಅಕ್ಷರ ಚೆನ್ನಾಗಿಲ್ಲದಿದ್ದರೂ ಅಡ್ಡಿಯಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಮಧ್ಯಾಹ್ನದವರೆಗೆ ಆಫೀಸಿನ ಹಿಂದಿನ ಬಾಗಿಲು ತೆರೆದಿರುತ್ತದೆ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ. ಪುಸ್ತಕ ಯಾರದೋ ಅವರೇ ಕೂತು ಹೇಳಿದರೆ ಕೆಲಸ ಬೇಗ ಆಗುತ್ತದೆ.